ಮೆಟಲ್ ಸಂಗೀತದಲ್ಲಿ ಪುರಾಣ: ವೇಷವೆಷ್ಟು, ಅರ್ಥವೆಷ್ಟು?

ಮಾನ್ಯ ಸಂಪಾದಕರೇ,

ರಾಕ್ ಮತ್ತು ಅದರ ಅಬ್ಬರದ ಕವಲಾದ ಮೆಟಲ್ ಸಂಗೀತದ ಮೇಲೆ ಪುರಾಣಗಳ ಪ್ರಭಾವವನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಬಿಟ್ಟುಕೊಟ್ಟದ್ದು ಸಂತೋಷದ ಸಂಗತಿಯೇ. ಆದರೆ ಲೇಖಕರು ತಲುಪಿದ ತೀರ್ಮಾನವನ್ನು ಒಪ್ಪಲು ನನ್ನಿಂದಾಗಲಿಲ್ಲ. ಅವರ ಮಾತಿನ ಸಾರ ಇಷ್ಟು: ಈ ಸಂಗೀತ ಪುರಾಣದಿಂದ ಹೆಕ್ಕಿಕೊಳ್ಳುವುದು ಅಸುರರನ್ನು, ಘಟಸರ್ಪಗಳನ್ನು, ಪ್ರಳಯವನ್ನು ಮಾತ್ರ, ಅದರ ಗಾಯಕರು ಹಾಡುವ ಬದಲು ಅರಚುತ್ತಾರೆ, ಆದ್ದರಿಂದ ಇದು ಪುರಾಣದ ಹೆಸರಿನಲ್ಲಿ ನಡೆಯುವ ಆಸುರೀ ಆರಾಧನೆ.

ನನ್ನ ತಿಳಿವಳಿಕೆಯ ಮಿತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು, ಮಳೆಗಾಲದಲ್ಲಿ ಊರಿನ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಕೂಟಗಳಲ್ಲಿ ಅರ್ಥ ಹೇಳುವ ಹವ್ಯಾಸಿ. ಮೆಟಲ್ ನನ್ನ ಕಾಲದ್ದೂ ಅಲ್ಲ, ನನ್ನ ರುಚಿಯದ್ದೂ ಆಗಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ನಡೆದ ಐರನ್ ಮೇಡನ್ ಎಂಬ ಇಂಗ್ಲೆಂಡಿನ ಮೆಟಲ್ ತಂಡದ ಕಾರ್ಯಕ್ರಮಕ್ಕೆ ಕಾಲೇಜು ತಪ್ಪಿಸಿ ಹೋಗಿದ್ದನೆಂದು ತಿಳಿದಾಗ ಅವನನ್ನು ಬೈದವರಲ್ಲಿ ನಾನೂ ಒಬ್ಬ. ಅವನು ಊರಿಗೆ ಬಂದಾಗಲೆಲ್ಲ ಒಂದೆರಡು ಹಾಡು ಕೇಳಿಸಿ, ಅದರ ಸಾಹಿತ್ಯವನ್ನು ಕಾಗದದಲ್ಲಿ ಬರೆದು ಮುಂದಿಡುವ ಅಭ್ಯಾಸ ಇಟ್ಟುಕೊಂಡಿದ್ದಾನೆ. ಹಾಗೆ ಹತ್ತು ಹದಿನೈದು ವರ್ಷಗಳಲ್ಲಿ ಕೇಳಿ, ಓದಿ ತಿಳಿದುಕೊಂಡದ್ದರ ಬಲದಿಂದ ಈ ಪತ್ರ ಬರೆಯುತ್ತಿದ್ದೇನೆ.

ಅರಚಾಟದ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ತೆಂಕುತಿಟ್ಟು ಯಕ್ಷಗಾನದ ‘ದೇವಿ ಮಹಾತ್ಮೆ’ ಆಟದಲ್ಲಿ ಮಹಿಷಾಸುರ ಬಣ್ಣ ಹಚ್ಚುವ ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ನಡುರಾತ್ರಿ ಕಳೆದ ಮೇಲೆ ಪ್ರೇಕ್ಷಕರ ಬೆನ್ನ ಹಿಂದೆ ಎಲ್ಲೋ ದೊಂದಿಗಳು ಹೊತ್ತಿಕೊಳ್ಳುತ್ತವೆ, ರಾಳದ ಪುಡಿ ಎರಚಿದಾಗಲೆಲ್ಲ ಬೆಂಕಿ ಆಳೆತ್ತರಕ್ಕೆ ಏಳುತ್ತದೆ, ಚೆಂಡೆಯ ಪೆಟ್ಟು ಎದೆಗೇ ಬಿದ್ದಂತೆ ಕೇಳಿಸುತ್ತದೆ, ಕೋಡು ಕಟ್ಟಿದ ವೇಷಧಾರಿ ಜನರ ನಡುವಿನಿಂದಲೇ ಆರ್ಭಟಿಸುತ್ತ ನುಗ್ಗುತ್ತಾನೆ. ತಾಯಂದಿರ ಮಡಿಲಲ್ಲಿ ನಿದ್ದೆಹೋಗಿದ್ದ ಮಕ್ಕಳು ಚೀರಿ ಏಳುತ್ತಾರೆ. ಆ ಆರ್ಭಟದಲ್ಲಿ ಸ್ವರ, ಶ್ರುತಿ ಹುಡುಕುವವರು ಯಾರೂ ಇಲ್ಲ, ಅಕ್ಕಿಹಿಟ್ಟು ಸುಣ್ಣ ಕಲಸಿ ಇಟ್ಟ ಚುಟ್ಟಿಯ ಮುಖವನ್ನು ಕಂಡು ಇದೊಂದು ಅಸುರ ಪೂಜೆ ಎಂದವರೂ ಇಲ್ಲ. ಈ ಆಟವನ್ನು ಹರಕೆ ಹೊತ್ತು ಆಡಿಸುವವರು ದೇವಿಯ ಭಕ್ತರು. ಮೆಟಲ್ ಗಾಯಕರ ಗಂಟಲಾಳದ ಗರ್ಜನೆಗೆ, ಅದನ್ನು ಅವರು ಗ್ರೌಲ್ ಎನ್ನುತ್ತಾರೆ, ಕರಾವಳಿಯ ನಾವು ಬೆಚ್ಚಿಬೀಳಬೇಕಾದ ಅಗತ್ಯವೇ ಇರಲಿಲ್ಲ. ಬಣ್ಣದ ವೇಷದ ಆರ್ಭಟ ಕೇಳಿ ಬೆಳೆದವರು ನಾವು.

ಇನ್ನು ‘ಪಿಶಾಚಿಯ ಸ್ವರ’ ಎಂಬ ಲೇಖಕರ ಆಪಾದನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬಾತ್ ತಂಡದ ಮೊದಲ ಆಲ್ಬಮ್ 1970ರ ಫೆಬ್ರುವರಿ 13ರಂದು ಹೊರಬಂತು. ಮೆಟಲ್‌ನ ಹುಟ್ಟನ್ನು ಹೆಚ್ಚಿನವರು ಅಲ್ಲಿಂದಲೇ ಎಣಿಸುತ್ತಾರೆ. ಅದರ ಮೊದಲ ಹಾಡಿನ ಗಿಟಾರ್ ಸಂಚಾರ ನಿಂತಿರುವುದು ಮೂರು ಪೂರ್ಣಸ್ವರಗಳಷ್ಟು ದೂರವಿರುವ ಎರಡು ಸ್ವರಗಳ ಮೇಲೆ. ಈ ಅಂತರವನ್ನು ಯುರೋಪಿನ ಸಂಗೀತಶಾಸ್ತ್ರಜ್ಞರು ‘ಸಂಗೀತದೊಳಗಿನ ಪಿಶಾಚಿ’ ಎಂದು ಕರೆದದ್ದು ನಿಜ. ಚರ್ಚು ಅದನ್ನು ನಿಷೇಧಿಸಿತ್ತೆಂಬುದು ಮಾತ್ರ ಬರೀ ದಂತಕತೆ. ನಮ್ಮ ಲೆಕ್ಕದಲ್ಲಿ ಅದೇನು? ಷಡ್ಜದಿಂದ ಪ್ರತಿಮಧ್ಯಮಕ್ಕಿರುವ ಅಂತರ. ಅಂದರೆ ಕಲ್ಯಾಣಿ ರಾಗದ ಜೀವಾಳ. ಹೆಸರಿನಲ್ಲೇ ಮಂಗಳವನ್ನು ಇಟ್ಟುಕೊಂಡ, ಸಂಗೀತದ ಮೇಷ್ಟ್ರುಗಳು ಸಂಜೆ ಹೊತ್ತು ಮಕ್ಕಳಿಗೆ ಹೇಳಿಕೊಡುವ ರಾಗದೊಳಗೆ ಇರುವ ಅಂತರವೇ ಅಲ್ಲಿ ಪಿಶಾಚಿಯಾಗಿದೆ. ಆ ಹಾಡಿಗೆ ಪ್ರೇರಣೆಯಾದದ್ದು ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಗಾರ ಯುದ್ಧದೇವತೆ ಮಂಗಳನ ಮೇಲೆ ರಚಿಸಿದ ವಾದ್ಯಸಂಗೀತ. ಈ ಹೋಲ್ಸ್ಟ್ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ಇಂಗ್ಲಿಷಿಗೆ ತಂದು ಸ್ವರ ಹಾಕಿದವರು, ಮಹಾಭಾರತದ ಸಾವಿತ್ರಿಯ ಕತೆಯನ್ನು 1908ರಲ್ಲಿ ಪುಟ್ಟ ಗೀತನಾಟಕವಾಗಿ ಬರೆದವರು. ಇನ್ನು ಆ ಸಂಗೀತದ ಭಾರಕ್ಕೆ ಕಾರಣವಾದದ್ದು ಒಂದು ಕಾರ್ಖಾನೆ. ಗಿಟಾರ್ ನುಡಿಸುವ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡಿದ್ದರು. ಬೆರಳಿಗೆ ಪ್ಲಾಸ್ಟಿಕ್ಕಿನ ಟೊಪ್ಪಿಗೆ ತೊಡಿಸಿಕೊಂಡು ನುಡಿಸುವಾಗ ನೋವಾಗದಿರಲೆಂದು ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದರು. ಇಲ್ಲಿ ಅಸುರನನ್ನು ಎಲ್ಲಿ ಹುಡುಕೋಣ?

ಹಾಗೆಂದು ಪುರಾಣವನ್ನು ಈ ಸಂಗೀತಗಾರರೆಲ್ಲ ಗೌರವದಿಂದ, ಅರಿತು ಬಳಸಿದ್ದಾರೆಂದು ನಾನು ವಾದಿಸುತ್ತಿಲ್ಲ. ಮೊದಮೊದಲು ಬಂದದ್ದು ಬಹುಪಾಲು ವೇಷವೇ. 1967ರಲ್ಲಿ ಬಂದ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ ಆಲ್ಬಮ್ ಒಂದರ ಹೊದಿಕೆಯಲ್ಲಿ, ನಮ್ಮ ಮನೆಗಳ ಗೋಡೆಯಲ್ಲಿರುತ್ತಿದ್ದ ವಿಷ್ಣುವಿನ ವಿಶ್ವರೂಪದ ಪಟವನ್ನೇ ತೆಗೆದುಕೊಂಡು ಹೆಂಡ್ರಿಕ್ಸ್ ಮತ್ತು ಅವರ ಇಬ್ಬರು ಜೊತೆಗಾರರ ಮುಖ ಅಂಟಿಸಲಾಗಿತ್ತು. ಅದು ಕಂಪನಿಯವರ ಕೆಲಸ, ಹೆಂಡ್ರಿಕ್ಸ್‌ಗೇ ಅದು ಹಿಡಿಸಿರಲಿಲ್ಲ. ರೋಲಿಂಗ್ ಸ್ಟೋನ್ಸ್ ತಂಡದ ತುಟಿ ಮತ್ತು ನಾಲಿಗೆಯ ಗುರುತು ಇವತ್ತು ನಮ್ಮ ಊರಿನ ಸಂತೆಯಲ್ಲಿ ನೂರೈವತ್ತು ರೂಪಾಯಿಯ ಬನಿಯನ್ನಿನ ಮೇಲೂ ಕಾಣುತ್ತದೆ. 1970ರಲ್ಲಿ ಅದನ್ನು ಬರೆದ ಜಾನ್ ಪ್ಯಾಶ್ ಎಂಬ ಕಲಾವಿದ್ಯಾರ್ಥಿಗೆ ಗಾಯಕ ಮಿಕ್ ಜಾಗರ್ ತೋರಿಸಿದ ಮಾದರಿ ಕಾಳಿಯ ಪಟ. ನಾಲಿಗೆ ಉಳಿಯಿತು, ಕಾಳಿ ಹೋದಳು. ಲೆಡ್ ಝೆಪಲಿನ್ ತಂಡ 1970ರ ಜೂನ್‌ನಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಹಾಡಿ ಬಂದು, ಆ ಪ್ರವಾಸದ ಗುಂಗಿನಲ್ಲಿ ವಲಸೆಗಾರರ ಮೇಲೊಂದು ಹಾಡು ಕಟ್ಟಿತು. ವೀರಸ್ವರ್ಗ ವಾಲ್‌ಹಲ್ಲಾ, ದೇವತೆಗಳ ಸುತ್ತಿಗೆ ಎಲ್ಲವೂ ಅದರಲ್ಲಿ ಹೆಸರಿಗೆ ಬಂದು ಹೋಗುತ್ತವೆ. ಎರಡೂವರೆ ನಿಮಿಷದ ಹಾಡಿನಲ್ಲಿ ಅದಕ್ಕಿಂತ ಹೆಚ್ಚಿಗೆ ಜಾಗವೂ ಇಲ್ಲ. ಕುದುರೆ ಓಟದಂಥ ಅದರ ಲಯ ನನಗೆ ಇಷ್ಟ, ಆದರೆ ಅದನ್ನು ಪುರಾಣದ ಪ್ರಭಾವ ಎನ್ನುವುದಕ್ಕಿಂತ ಪುರಾಣದಿಂದ ತಂದ ವೇಷದ ಕಿರೀಟ ಎಂದರೆ ಸರಿಯಾದೀತು. ಲೇಖಕರ ಆಕ್ಷೇಪ ಇಲ್ಲಿಗೆ ನಿಂತಿದ್ದರೆ ಅವರ ಜೊತೆ ನಾನೂ ತಲೆದೂಗುತ್ತಿದ್ದೆ.

ವೇಷ ಕಳಚಿ ಕೂತ ಮೇಲೆ ಅರ್ಥ ಶುರುವಾಗುತ್ತದೆ. ತಾಳಮದ್ದಳೆಯಲ್ಲಿ ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಅದನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ಕತೆಯ ಕೊನೆಯನ್ನು ಬದಲಿಸುವ ಹಾಗಿಲ್ಲ, ಆದರೆ ಆ ಕೊನೆಗೆ ಹೊಣೆ ಯಾರೆಂಬ ವಾದವನ್ನು ತಿರುಗಿಸಬಹುದು. ‘ವಾಲಿ ಮೋಕ್ಷ’ದ ವಾಲಿ ಬಾಣ ತಿಂದು ಬಿದ್ದಲ್ಲಿಂದಲೇ ರಾಮನನ್ನು ಪ್ರಶ್ನಿಸುವುದು ಹೀಗೆ. ಐರನ್ ಮೇಡನ್ ತಂಡದ ಬ್ರೂಸ್ ಡಿಕಿನ್ಸನ್ 1983ರ ಒಂದು ಹಾಡಿನಲ್ಲಿ ಮಾಡಿದ್ದು ಇದೇ ಕೆಲಸವನ್ನು. ಗ್ರೀಕರ ಇಕಾರಸ್‌ನ ಕತೆಯನ್ನು ರೋಮಿನ ಕವಿ ಓವಿಡ್ ಹೇಳುವಾಗ ತಂದೆ ಎಚ್ಚರಿಸುತ್ತಾನೆ, ತೀರ ಮೇಲೂ ಬೇಡ, ತೀರ ಕೆಳಗೂ ಬೇಡ, ನಡುದಾರಿಯಲ್ಲಿ ಹಾರು ಎಂದು. ಮಗ ಮಾತು ಮೀರಿ ಸೂರ್ಯನ ಹತ್ತಿರ ಹೋಗುತ್ತಾನೆ, ರೆಕ್ಕೆಯ ಮೇಣ ಕರಗುತ್ತದೆ, ಕಡಲಿಗೆ ಬೀಳುತ್ತಾನೆ. ಡಿಕಿನ್ಸನ್ ಹಾಡಿನಲ್ಲಿಯೂ ಮಗ ಬೂದಿಯಾಗುತ್ತಾನೆ. ಆದರೆ ಅಲ್ಲಿ ಅವನು ನಂಬಿ ಕೆಟ್ಟದ್ದು ತಂದೆಯನ್ನು. ಸಾಯುವ ಗಳಿಗೆಯಲ್ಲಿ ತಂದೆ ತನಗೆ ಮೋಸ ಮಾಡಿದನೆಂಬುದು ಅವನಿಗೆ ತಿಳಿಯುತ್ತದೆ. ಹದಿಹರೆಯದವರು ಹಿರಿಯರ ಅಧಿಕಾರದ ವಿರುದ್ಧ ಸಿಡಿದೇಳುವುದನ್ನು ತಾನು ಹೀಗೆ ಹೇಳಿದೆನೆಂದು ಡಿಕಿನ್ಸನ್ ವಿವರಿಸಿದ್ದಾರೆ. ಮರುವರ್ಷದ ಇನ್ನೊಂದು ಹಾಡಿನಲ್ಲಿ ಈಜಿಪ್ಟಿನ ಸಾಯುತ್ತಿರುವ ಅರಸನೊಬ್ಬ ಮಾತಾಡುತ್ತಾನೆ. ಬದುಕಿರುವಷ್ಟು ಕಾಲ ಅಲ್ಲಿನ ಅರಸ ಹೋರಸ್ ದೇವನ ರೂಪ, ಸತ್ತ ಮೇಲೆ ಒಸೈರಿಸ್. ನಾನೇ ದೇವರಾದರೆ ನನಗೇಕೆ ಸಾವು ಎಂಬುದು ಅವನ ಒಂದೇ ಪ್ರಶ್ನೆ. ಈ ಮಾತಿಗೆ ನಮ್ಮ ಕೂಟದಲ್ಲಿ ಹಿರಣ್ಯಕಶಿಪುವಿನ ಅರ್ಥ ಹೇಳುವ ನನ್ನ ಗೆಳೆಯರೊಬ್ಬರು ಒಂದು ಗಂಟೆ ತೆಗೆದುಕೊಂಡಾರು. ಇದನ್ನು ಆರಾಧನೆ ಎನ್ನಲು ಹೇಗೆ ಸಾಧ್ಯ? ಪುರಾಣದ ಜೊತೆ ಜಗಳಕ್ಕೆ ಕೂತ ಹಾಗಿದೆ.

ಸೈತಾನನಿಂದ ಪುರಾಣದ ಕಡೆ ಈ ಸಂಗೀತ ತಿರುಗಿದ ರೀತಿಯೂ ಲೇಖನದಲ್ಲಿ ಬರಬೇಕಿತ್ತು. ಸ್ವೀಡನ್ನಿನ ಬಾಥೊರಿ ತಂಡದ ಕ್ವೋರ್ಥಾನ್ ಮೊದಲ ವರ್ಷಗಳಲ್ಲಿ ಸೈತಾನನನ್ನೇ ಹಾಡಿದವನು. ಕ್ರಮೇಣ ಅವನಿಗೆ ಹೊಳೆದದ್ದು ಸರಳವಾದ ತರ್ಕ: ಸೈತಾನ ಕೂಡ ಕ್ರೈಸ್ತರ ಕಲ್ಪನೆಯೇ, ಅವನನ್ನು ಹೊಗಳಿದರೂ ಅವರ ಮನೆಯೊಳಗೇ ನಿಂತಂತಾಯಿತು, ಕ್ರೈಸ್ತ ಮತ ಬರುವ ಮೊದಲು ತನ್ನ ನೆಲದಲ್ಲಿ ಏನಿತ್ತೋ ಅದನ್ನು ಹಾಡಬೇಕು. 1988ರಿಂದ 1991ರವರೆಗೆ ಬಂದ ಅವನ ಮೂರು ಆಲ್ಬಮ್‌ಗಳಿಂದ ‘ವೈಕಿಂಗ್ ಮೆಟಲ್’ ಎಂಬ ಕವಲೇ ಒಡೆಯಿತು. ತಮ್ಮ ಲೇಖಕರು ಯಾವುದನ್ನು ಪೈಶಾಚಿಕ ಎನ್ನುತ್ತಾರೋ ಅದನ್ನು ಬಿಡಲೆಂದೇ ಪುರಾಣಕ್ಕೆ ಬಂದವರು ಇವರು.

ಈಗ ನನ್ನ ಮನಸ್ಸಿಗೆ ತೀರ ಹತ್ತಿರವಾದ ಒಂದು ಹಾಡಿನ ವಿಷಯ. ಫಿನ್‌ಲ್ಯಾಂಡಿನ ಹಳ್ಳಿಗರ ಬಾಯಲ್ಲಿದ್ದ ಹಾಡುಗಳನ್ನು ಎಲಿಯಾಸ್ ಲೋನ್ರೋಟ್ ಎಂಬ ವೈದ್ಯರು ಊರೂರು ಅಲೆದು ಬರೆದುಕೊಂಡು, ಜೋಡಿಸಿ 1835ರಲ್ಲಿ ‘ಕಲೆವಾಲ’ ಎಂದು ಅಚ್ಚು ಮಾಡಿದರು. 1849ರಲ್ಲಿ ಹಿಗ್ಗಿಸಿದ ಆವೃತ್ತಿಯಲ್ಲಿ 50 ಹಾಡು, 22,795 ಸಾಲುಗಳಿವೆ. ಹೆಲ್ಸಿಂಕಿಯ ಅಮೋರ್ಫಿಸ್ ತಂಡ 1994ರಲ್ಲಿ ಹೊರತಂದ ಆಲ್ಬಮ್ ಪೂರ್ತಿಯಾಗಿ ಈ ಕಾವ್ಯದಿಂದ ಎತ್ತಿದ್ದು. ಅದರಲ್ಲಿ ಎಲ್ಲರೂ ಬಲ್ಲ ಹಾಡೊಂದಿದೆ. ಕಳೆದ ಆಷಾಢದಲ್ಲಿ ಒಂದು ಸಂಜೆ, ಕರೆಂಟು ಹೋಗಿದ್ದರಿಂದ ಬೇರೆ ಸದ್ದಿಲ್ಲದ ಹೊತ್ತಿನಲ್ಲಿ, ಅಳಿಯ ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿದ. ಮೊದಲು ಕೀಬೋರ್ಡಿನಲ್ಲಿ ದುಃಖದ ಧಾಟಿ, ಹಿಂದೆಯೇ ಗಿಟಾರು, ಆಮೇಲೆ ಹೆಚ್ಚಿನಂಶ ಆ ಗಂಟಲಾಳದ ಗರ್ಜನೆಯೇ. ಒಳಗೆ ಗೇರುಬೀಜ ಸುಲಿಯುತ್ತಿದ್ದ ನನ್ನ ಹೆಂಡತಿ, ಯಾರನ್ನು ಕೊಲ್ಲುತ್ತಿದ್ದಾರೆ ಎಂದು ಕೇಳಿದಳು. ಅಳಿಯ ಬರೆದಿಟ್ಟ ಚೀಟಿ ನೋಡಿ ನಾನು ಅರ್ಥ ಓದಿ ಹೇಳಿದೆ. ಅದು ಕಲೆವಾಲದ 22ನೇ ಹಾಡು. ಮದುವೆಯಾಗಿ ತವರು ಬಿಟ್ಟು ಹೊರಟ ಹುಡುಗಿಯೊಬ್ಬಳು ಹೇಳಿಕೊಳ್ಳುತ್ತಾಳೆ: ಬೇರೆಯವರ ಮನಸ್ಸು ವಸಂತದ ಮುಂಜಾವಿನ ಹಾಗೆ ಬೆಳಗುತ್ತಿರುತ್ತದೆಯಂತೆ, ನನ್ನ ಮನಸ್ಸು ಶರತ್ಕಾಲದ ಇರುಳಿನ ಹಾಗೆ, ಚಳಿಗಾಲದ ಕಪ್ಪು ಹಗಲಿನ ಹಾಗೆ, ಅದಕ್ಕಿಂತಲೂ ಕಪ್ಪು. ಹಗಲು ಕಪ್ಪಾಗಿರುವುದು ಹೇಗೆಂದು ನಾವು ಕೇಳಬಹುದು. ಆ ದೇಶದ ಉತ್ತರದಲ್ಲಿ ಚಳಿಗಾಲದಲ್ಲಿ ಕೆಲವು ವಾರ ಸೂರ್ಯ ಹುಟ್ಟುವುದೇ ಇಲ್ಲ.

“ಇದು ನಮ್ಮ ಹೆಣ್ಣೊಪ್ಪಿಸುವ ಹಾಡಲ್ಲವಾ? ಪಾಪ, ಅದಕ್ಕೆ ಗಂಡನ ಮನೆ ಅಷ್ಟೂ ದೂರವಾ?” ಎಂದಳು ನನ್ನ ಹೆಂಡತಿ. ಅವಳು ನಗೆಯಾಡಿದ್ದೋ ನಿಜವಾಗಿ ಕೇಳಿದ್ದೋ ತಿಳಿಯಲಿಲ್ಲ. ಆದರೆ ಮದುವೆ ಮಂಟಪದ ಹಿಂದೆ ಸೋಬಾನೆ ಹೇಳುವ ಹೆಂಗಸರು ದನಿ ತಗ್ಗಿಸಿ, ಮೂಗೊರೆಸಿಕೊಂಡು ಹೇಳುವುದನ್ನು ಈ ಹುಡುಗರು ಎದೆ ಹರಿದುಕೊಂಡು ಹೇಳುತ್ತಿದ್ದಾರೆಂಬುದು ನನಗೆ ಅವತ್ತು ಸ್ಪಷ್ಟವಾಯಿತು. ಅಸುರರೂ ಇಲ್ಲ, ಸರ್ಪವೂ ಇಲ್ಲ, ಪ್ರಳಯವೂ ಇಲ್ಲ. ಒಂದು ಹೆಣ್ಣು ಮಗಳ ಸಂಕಟ.

ಕಲೆವಾಲದ ನಂಟು ನಮ್ಮ ಜಿಲ್ಲೆಗೆ ದೂರದ್ದೇನಲ್ಲ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಬಯಸುತ್ತೇನೆ. ಆ ಕಾವ್ಯದ ವಿದ್ವಾಂಸರಾಗಿದ್ದ ಫಿನ್‌ಲ್ಯಾಂಡಿನ ಲೌರಿ ಹೋಂಕೊ ಅವರೇ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಕಾವ್ಯವನ್ನು, ಜಾನಪದ ವಿದ್ವಾಂಸರಾದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ ದಾಖಲಿಸಿಕೊಂಡರು. ಅಕ್ಷರ ಹಿಡಿದು ಬರೆದಾಗ ಅದು 15,683 ಸಾಲುಗಳಾದವು, ಹೆಚ್ಚುಕಡಿಮೆ ಗ್ರೀಕರ ಇಲಿಯಡ್‌ನಷ್ಟು. 1998ರಲ್ಲಿ ಹೆಲ್ಸಿಂಕಿಯಿಂದ ಇಂಗ್ಲಿಷ್ ಅನುವಾದ ಸಮೇತ ಪ್ರಕಟವಾಯಿತು. ಸಿರಿಯ ಕತೆಯೂ ಗಂಡನ ಮನೆಯಲ್ಲಿ ಅವಮಾನ ಉಂಡು, ಅದನ್ನು ಬಿಟ್ಟು ಹೊರನಡೆದ ಹೆಣ್ಣಿನ ಕತೆಯೇ. ಅವರ ಕಾವ್ಯ ಗಿಟಾರಿಗೆ ಹೋಯಿತು, ನಮ್ಮದು ಸಿರಿ ಜಾತ್ರೆಯ ರಾತ್ರಿಗಳಲ್ಲಿ ಇನ್ನೂ ಮೈಮೇಲೆ ಬರುತ್ತದೆ.

ಪುರಾಣದ ಪ್ರಭಾವ ಎಂದಾಗ ಎಲ್ಲರೂ ಕತೆಯನ್ನು ಮಾತ್ರ ನೋಡುತ್ತಾರೆ, ತಮ್ಮ ಲೇಖಕರೂ ಹಾಗೆಯೇ ನೋಡಿದ್ದಾರೆ. ಕನ್ನಡ ಮೇಷ್ಟ್ರಾದ ನನಗೆ ಹೆಚ್ಚು ಬೆರಗಾದದ್ದು ಛಂದಸ್ಸು. ಐಸ್‌ಲ್ಯಾಂಡಿನಲ್ಲಿ 2009ರಲ್ಲಿ ಕೂಡಿಕೊಂಡ ಸ್ಕಾಲ್ಮೋಲ್ಡ್ ಎಂಬ ತಂಡವಿದೆ. ಹೆಸರಿನ ಅರ್ಥ ‘ಕತ್ತಿಯ ಕಾಲ’. ಲೋಕದ ಅಳಿವನ್ನು ಹೇಳುವ ಹಳೆಯ ಕಾವ್ಯವೊಂದರಲ್ಲಿ ಬರುವ ಮಾತು. ತಂಡದಲ್ಲಿ ಬಾಸ್ ಗಿಟಾರ್ ನುಡಿಸುವ ಸ್ನೈಬ್ಯೋರ್ನ್ ರಾಗ್ನಾರ್ಸನ್ ಅವರೇ ಸಾಹಿತ್ಯ ಬರೆಯುತ್ತಾರೆ, ಐಸ್‌ಲ್ಯಾಂಡಿಕ್ ಭಾಷೆಯಲ್ಲಿ, ಅದೂ ‘ಹಳೆನುಡಿಯ ಧಾಟಿ’ ಎಂಬಂಥ ಪ್ರಾಚೀನ ಛಂದಸ್ಸುಗಳಲ್ಲಿ. 2010ರ ಅವರ ಮೊದಲ ಆಲ್ಬಮ್ಮಿಗೆ ‘ಬಾಲ್ದುರ್’ ಎಂಬ ದೇವರ ಹೆಸರಿದೆ, ಕತೆ ಮಾತ್ರ ಹೆಂಡತಿ ಮಕ್ಕಳನ್ನು ಕಳೆದುಕೊಂಡ ಸಾಮಾನ್ಯ ಮನುಷ್ಯನೊಬ್ಬನದು ಮತ್ತು ಅದು ಅವರೇ ಕಟ್ಟಿದ್ದು. ಹೊಸ ಕತೆ, ಹಳೆಯ ಛಂದಸ್ಸು. ಆ ಧಾಟಿಯಲ್ಲಿ ಪ್ರತಿ ಸಾಲೂ ನಡುವೆ ಮುರಿದು ಎರಡು ಅರ್ಧಗಳಾಗುತ್ತದೆ. ಒಂದೊಂದು ಅರ್ಧದಲ್ಲೂ ಎರಡೆರಡು ಒತ್ತು. ಎರಡನೇ ಅರ್ಧದ ಮೊದಲ ಒತ್ತಿನಲ್ಲಿ ಯಾವ ಅಕ್ಷರ ಬರುತ್ತದೋ ಅದೇ ಅಕ್ಷರ ಮೊದಲ ಅರ್ಧದ ಒತ್ತುಗಳಲ್ಲಿ ಒಂದರಲ್ಲಾದರೂ ಬರಲೇಬೇಕು. ಅವರಿಗೆ ಮೊದಲ ಅಕ್ಷರದ ಪ್ರಾಸ, ನಮಗೆ ಎರಡನೆಯದು. ಕುಮಾರವ್ಯಾಸನ ‘ವೇದಪುರುಷನ ಸುತನ ಸುತನ ಸಹೋದರನ’ ಎಂಬ ಪದ್ಯ ತೆಗೆದರೆ ಸಾಲಿನ ಮೊದಲಲ್ಲಿ ವೇದ, ಹೋದ, ಳೋದ, ಕಾದಿ, ನಾದಿ ಎಂದು ದಕಾರ ಮೊಳೆ ಹೊಡೆದಂತೆ ಕೂತಿರುತ್ತದೆ. ಗಿಟಾರಿನ ಪೆಟ್ಟು ಬೀಳುವ ಜಾಗ, ಒತ್ತಕ್ಷರ ಬೀಳುವ ಜಾಗ ಎರಡೂ ಒಂದೇ ಆದಾಗ ಭಾಷೆ ಅರ್ಥವಾಗದಿದ್ದರೂ ಮೈ ಜುಮ್ಮೆನ್ನುತ್ತದೆ. ಈ ತಂಡ 2013ರಲ್ಲಿ ಐಸ್‌ಲ್ಯಾಂಡಿನ ಸಿಂಫನಿ ವಾದ್ಯವೃಂದದ ಜೊತೆ ಕೂತು ನುಡಿಸಿತು. ಆ ಹಳೆಯ ಕಾವ್ಯಗಳ ಹಸ್ತಪ್ರತಿ ಡೆನ್ಮಾರ್ಕಿನಿಂದ 1971ರ ಏಪ್ರಿಲ್ 21ರಂದು ಹಡಗಿನಲ್ಲಿ ಮರಳಿ ಬಂದಾಗ ಬಂದರಿನಲ್ಲಿ ಜಾತ್ರೆಯಷ್ಟು ಜನ ಸೇರಿದ್ದ ದೇಶವದು.

ಅದೇ ಸಂಜೆ ನಾನು ಆ ಷಟ್ಪದಿಯನ್ನು ಅಳಿಯನಿಗೆ ಓದಿ ಹೇಳಿದೆ, ರಾಗವಿಲ್ಲದೆ, ಗಣ ಬಿಡಿಸಿ: ವೇದ, ಪುರುಷನ; ಸುತನ, ಸುತನಸ. ಮೂರು, ನಾಲ್ಕು, ಮೂರು, ನಾಲ್ಕು. ಅವನು ಮೇಜಿನ ಮೇಲೆ ಬೆರಳು ಬಡಿಯುತ್ತ, “ಮಾವ, ಇದು ಸೆವೆನ್ ಎಯ್ಟ್” ಎಂದ. ಪ್ರೋಗ್ರೆಸ್ಸಿವ್ ಮೆಟಲ್‌ನವರು ಬುದ್ಧಿವಂತಿಕೆಯ ಗುರುತಾಗಿ ಬಳಸುವ ಏಳರ ಎಣಿಕೆ ಭಾಮಿನಿಯಲ್ಲಿ ನಡೆಯುವ ನಡೆ, ಯಕ್ಷಗಾನದಲ್ಲಿ ತ್ರಿವುಡೆ ತಾಳ. ಈ ಮಾತನ್ನು ಅವನಿಗೆ ಹೇಳಿದ್ದು ನನ್ನ ತಪ್ಪು. ಅಂದಿನಿಂದ ಅವನು ಫೋನು ಮಾಡಿದಾಗಲೆಲ್ಲ ಗದುಗಿನ ಭಾರತದ ಪದ್ಯ ಕೇಳುತ್ತಾನೆ.

ಲೇಖಕರು ಎತ್ತಬಹುದಾಗಿದ್ದ, ಎತ್ತದೆ ಬಿಟ್ಟ ನಿಜವಾದ ಆಕ್ಷೇಪವೊಂದಿದೆ. ನಾರ್ವೆಯಲ್ಲಿ 1992ರ ಜೂನ್ 6ರಂದು ಫಾಂಟಾಫ್ಟ್ ಎಂಬಲ್ಲಿ 12ನೇ ಶತಮಾನದ ಮರದ ಚರ್ಚೊಂದು ಸುಟ್ಟು ಬೂದಿಯಾಯಿತು. ನಂತರ ಇನ್ನೂ ಹಲವು ಚರ್ಚುಗಳಿಗೆ ಬೆಂಕಿ ಬಿತ್ತು, ಅಲ್ಲಿನ ಬ್ಲ್ಯಾಕ್ ಮೆಟಲ್ ಎಂಬ ಕವಲಿನ ಸಂಗೀತಗಾರರಲ್ಲಿ ಕೆಲವರಿಗೆ ಈ ಕೃತ್ಯಗಳಿಗಾಗಿ ಶಿಕ್ಷೆಯೂ ಆಯಿತು. ಅವರಲ್ಲಿ ಒಬ್ಬನು ಕೊಲೆಗಾರನೂ ಆಗಿದ್ದ. ಹಳೆಯ ದೇವತೆಗಳ ಹೆಸರನ್ನು ಜನಾಂಗ ದ್ವೇಷಕ್ಕೆ ಜೋಡಿಸಿ ಬರೆಯುತ್ತ ಹೋದ. ಉತ್ತರ ಯುರೋಪಿನ ಪ್ರಾಚೀನ ರೂನ್ ಲಿಪಿಯನ್ನು, ಅಲ್ಲಿನ ಗುಡುಗಿನ ದೇವ ಥಾರ್‌ನ ಸುತ್ತಿಗೆಯನ್ನು ಹಚ್ಚೆ ಹಾಕಿಸಿಕೊಂಡ ನವನಾಜಿಗಳು ಇವತ್ತಿಗೂ ಇದ್ದಾರೆ; ಅದೇ ಸುತ್ತಿಗೆಯನ್ನು ಕೊರಳಲ್ಲಿ ಧರಿಸಿಯೇ ಅವರನ್ನು ವಿರೋಧಿಸುವ ತಂಡಗಳೂ ಇವೆ. ನಮ್ಮದು ನಮ್ಮದು ಎಂಬ ಹಂಬಲ ಯಾವಾಗ ‘ನಿಮ್ಮದು ಇರಬಾರದು’ ಎಂದಾಗುತ್ತದೋ ಆಗ ಪುರಾಣ ದೊಣ್ಣೆಯಾಗುತ್ತದೆ. ಇದು ಆ ಸಂಗೀತದ ಅಪರಾಧ ಮಾತ್ರವೆಂದು ನಾವು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ.

ನಮ್ಮ ಪುರಾಣಗಳನ್ನು ಈ ಸಂಗೀತ ಮುಟ್ಟಿಯೇ ಇಲ್ಲ ಎಂಬ ಲೇಖನದ ಮಾತೂ ಸರಿಯಲ್ಲ. ಸಿಂಗಾಪುರದಲ್ಲಿ 1992ರಲ್ಲಿ ಶುರುವಾದ ರುದ್ರ ತಂಡ ತನ್ನ ಶೈಲಿಯನ್ನು ‘ವೇದಿಕ್ ಮೆಟಲ್’ ಎಂದೇ ಕರೆದುಕೊಳ್ಳುತ್ತದೆ. ಕುರುಕ್ಷೇತ್ರ, ಉಪನಿಷತ್ತು, ವೇದಾಂತ ಎಲ್ಲವನ್ನೂ ಹಾಡಿ ‘ಬ್ರಹ್ಮವಿದ್ಯಾ’ ಎಂಬ ಮೂರು ಆಲ್ಬಮ್‌ಗಳ ಸರಣಿಯನ್ನೇ ಮಾಡಿದೆ. ಮುಂಬಯಿಯ ಡೆಮೋನಿಕ್ ರೆಸರೆಕ್ಷನ್, ಅಂದರೆ ‘ಆಸುರೀ ಪುನರುತ್ಥಾನ’, ಎಂಬ ತಂಡ 2017ರಲ್ಲಿ ಒಂದೊಂದು ಅವತಾರಕ್ಕೆ ಒಂದೊಂದು ಹಾಡಿನಂತೆ ‘ದಶಾವತಾರ’ ತಂದಿತು. ತಂಡದ ಹೆಸರು ನೋಡಿ ಗಾಬರಿಯಾಗುವವರು ಹಾಡಿನ ಪಟ್ಟಿ ನೋಡಿದರೆ ಮತ್ಸ್ಯದಿಂದ ಕಲ್ಕಿಯವರೆಗೆ ಕ್ರಮ ತಪ್ಪದೆ ಸಿಗುತ್ತದೆ. ಇವುಗಳಲ್ಲಿ ಕೆಲವು ನನಗೆ ಹಿಡಿಸಲಿಲ್ಲ. ಶ್ಲೋಕವನ್ನು ಪಠಿಸಿ ಹಿಂದೆಯೇ ಗಿಟಾರು ಬಾರಿಸಿದರೆ ಎರಡೂ ಒಂದಾಗುವುದಿಲ್ಲ, ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರ ಹಾಗೆ ಉಳಿದುಬಿಡುತ್ತವೆ. ಥಾರ್‌ನ ದೇವಸ್ಥಾನಗಳು ಅಳಿದು ಸಾವಿರ ವರ್ಷವಾಯಿತು, ಅವನ ಜೊತೆ ಸಲುಗೆಯಿಂದ ಮಾತಾಡಬಹುದು. ನಮ್ಮ ದೇವರುಗಳಿಗೆ ಇವತ್ತು ಬೆಳಿಗ್ಗೆಯೂ ಪೂಜೆಯಾಗಿದೆ. ಹೀಗಾಗಿ ಇಲ್ಲಿನ ಹುಡುಗರು ಭಯಭಕ್ತಿಯಿಂದ ದೂರ ನಿಂತು ಹಾಡುತ್ತಾರೇನೋ ಎಂದು ನನ್ನ ಊಹೆ. ಆದರೆ ವಾಲಿಯ ಬಾಯಲ್ಲಿ ರಾಮನನ್ನು ಪ್ರಶ್ನಿಸಿ, ಮುಗಿದ ಮೇಲೆ ಅದೇ ರಾಮನಿಗೆ ಮಂಗಳ ಹಾಡುವ ನಮ್ಮ ಅರ್ಥಧಾರಿಗಳಿಗೆ ಆ ತೊಂದರೆ ಬಂದಿಲ್ಲವಲ್ಲ.

ಕೊನೆಯದಾಗಿ, ಲೇಖನದಲ್ಲಿ ಮುದ್ರಣವಾಗಿರುವ ಒಂದು ತಪ್ಪನ್ನು ತಿದ್ದಬೇಕೆಂದು ಕೋರುತ್ತೇನೆ. ಸ್ವೀಡನ್ನಿನ ಅಮೊನ್ ಅಮಾರ್ಥ್ ತಂಡದ 2008ರ ಆಲ್ಬಮ್ಮಿನ ಶೀರ್ಷಿಕೆ ಗೀತೆಯನ್ನು ಉದಾಹರಿಸಿ, ಥಾರ್ ಮಹಾಸರ್ಪವನ್ನು ಕೊಂದು ಗೆದ್ದು ಬರುವ ಈ ಕತೆ ಹಿಂಸೆಯ ವೈಭವೀಕರಣ ಎಂದು ಬರೆಯಲಾಗಿದೆ. ಮೂಲದಲ್ಲಿ ಥಾರ್ ಗೆದ್ದು ಬರುವುದಿಲ್ಲ. ಭೂಮಿಯನ್ನು ಸುತ್ತಿ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿರುವ ಆ ಹಾವು ಕೊನೆಯ ಯುದ್ಧದಲ್ಲಿ ದಡಕ್ಕೆ ಬಂದು ವಿಷ ಕಾರುತ್ತದೆ, ಥಾರ್ ಅದನ್ನು ಸುತ್ತಿಗೆಯಿಂದ ಬಡಿದು ಕೊಲ್ಲುತ್ತಾನೆ, ಬೆನ್ನು ತಿರುಗಿಸಿ ಒಂಬತ್ತು ಹೆಜ್ಜೆ ಇಡುತ್ತಾನೆ, ವಿಷವೇರಿ ಅಲ್ಲಿಯೇ ಬಿದ್ದು ಸಾಯುತ್ತಾನೆ. ಹದಿಮೂರನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಇದನ್ನು ಗದ್ಯದಲ್ಲಿ ಬರೆದಿಟ್ಟಿದ್ದಾನೆ, ಅವನಿಗಿಂತ ಹಿಂದಿನ ಪದ್ಯದಲ್ಲಿಯೂ ಒಂಬತ್ತು ಎಂಬ ಎಣಿಕೆ ಇದೆ. ಆ ಹಾಡಿನ ಹೆಸರೇ ಗುಡುಗಿನ ದೇವನ ಮುಸ್ಸಂಜೆ ಎಂದು. ಮುಂದಿನ ಭಾನುವಾರದ ಪುರವಣಿಯಲ್ಲಿ ಈ ತಿದ್ದುಪಡಿಗೆ ಎರಡು ಸಾಲಿನ ಜಾಗವಾದರೂ ಕೊಡಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ,
ಬೆಳ್ತಂಗಡಿ ತಾಲ್ಲೂಕು